ಬ್ಯಾಡಗಿಯಿಂದ ಬಂದ ಹೂಂ

ಮಾನ್ಯ ಓದುಗರೇ,

ಮೈಸೂರಿನಿಂದ ರಾಣೆಬೆನ್ನೂರಿಗೆ ಬಂದು ಬೀಜದ ಕಂಪನಿಯಲ್ಲಿ ಕೆಲಸಕ್ಕೆ ಹಾಜರಾದ ಮೊದಲ ದಿನವೇ, ನಾನು ಬದುಕಿರುವೆನೇ ಎಂಬ ವಿಚಾರಣೆ ನಡೆಯಿತೆಂದು ತಮ್ಮ ಅವಗಾಹನೆಗೆ ತರಬಯಸುತ್ತೇನೆ.

ವಿಚಾರಿಸಿದವರು ಕಂಪನಿಯ ಬ್ಯಾಡಗಿ ಮಳಿಗೆಯ ಶಾಂತವ್ವನವರು. ಫೋನಿನಲ್ಲಿ ಬೀಜದ ದಾಸ್ತಾನು ಹೇಳುತ್ತಿದ್ದವರು ತಟ್ಟನೆ ನಿಲ್ಲಿಸಿ, “ಅಕ್ಕಾರ, ಅದೀರೋ, ಇಲ್ಲಾ ಶಿವನ ಪಾದ ಸೇರಿದ್ರೋ?” ಎಂದರು.

“ಕೇಳ್ತಾ ಇದ್ದೀನಿ.”

“ಕೇಳಾಕತ್ತಿದ್ರ ಹೂಂ ಅನ್ರಿ. ಗ್ವಾಡಿ ಜೋಡಿ ಮಾತಾಡಿದಂಗ ಆಗಾಕತ್ತೈತಿ.”

ಹಿರಿಯರು ಮಾತನಾಡುವಾಗ ನಡುವೆ ದನಿ ತೆಗೆಯಬಾರದೆಂಬುದು ನಮ್ಮ ಮನೆಯ ಶಿಸ್ತು. ಇಲ್ಲಿಯಾದರೋ ಮಾತಿಗೊಂದು ಹೂಂ ಬೀಳದಿದ್ದರೆ ಹೇಳುವವರು ಮುಂದೆ ಹೋಗುವುದಿಲ್ಲ. ಕಟಕ ರೊಟ್ಟಿ, ಅಂದರೆ ಒಣಗಿಸಿಟ್ಟ ಜೋಳದ ರೊಟ್ಟಿಯೂ, ಮುರಿದರೆ ಸದ್ದು ಮಾಡಿಯೇ ಉತ್ತರಿಸುತ್ತದೆ.

ಯಾವ ಬೀಜ ಎಲ್ಲಿದೆ ಎಂಬ ಪಟ್ಟಿಯನ್ನು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ಮಳಿಗೆಗಳ ಕಂಪ್ಯೂಟರುಗಳು ಟೆಲಿಫೋನ್ ತಂತಿಯಲ್ಲಿ ಹಂಚಿಕೊಳ್ಳಲು ಸರಳ ನಿಯಮಾವಳಿಯೊಂದನ್ನು ರೂಪಿಸುವುದು ನನಗೆ ವಹಿಸಿದ ಕೆಲಸ. ಇದಕ್ಕೆ ಪ್ರೊಟೊಕಾಲ್ ಎನ್ನುತ್ತಾರೆ. ಮುಂದೆ ಇಂಟರ್ನೆಟ್ ಇಲ್ಲಿಗೆ ಬಂದಾಗಲೂ ಅದೇ ನಡೆಯಬೇಕೆಂಬುದು ನನ್ನ ಆಸೆ. ಮುಂಗಾರಿನೊಳಗೆ ಆಗದಿದ್ದರೆ ಪಟ್ಟಿ ಮೊದಲಿನಂತೆ ಬಸ್ಸಿನಲ್ಲಿ ಹೋಗತಕ್ಕದ್ದು, ನಾನು ಮೈಸೂರಿಗೆ ಹೋಗತಕ್ಕದ್ದು ಎಂದು ಕಂಪನಿಯ ಸಾಹೇಬರು ತಿಳಿಸಿದ್ದರು.

ನಾನು ಬರೆದ ಮೊದಲ ನಿಯಮ ನಾನು ಬೆಳೆದಂತೆಯೇ ಇತ್ತು. ಒಂದು ಕಂಪ್ಯೂಟರು ಇಡೀ ಪಟ್ಟಿಯನ್ನು ಒಂದೇ ಉಸಿರಿಗೆ ಹೇಳುವುದು, ಇನ್ನೊಂದು ಸುಮ್ಮನೆ ಕೇಳುವುದು. ತಂತಿಯ ಗೊರಗೊರದಲ್ಲಿ ಕೆಲವು ಸಾಲು ಕಳೆದುಹೋದವು. ಕಳೆದದ್ದು ಎರಡಕ್ಕೂ ತಿಳಿಯಲಿಲ್ಲ. ಗುತ್ತಲದ ರೈತರೊಬ್ಬರು ಹತ್ತಿಬೀಜ ಮುಗಿದಿದೆ ಎಂಬ ಸಾಲು ಬಿಟ್ಟುಹೋಗಿದ್ದ ನಮ್ಮ ಪಟ್ಟಿಯನ್ನು ನಂಬಿ, ಆ ಬೀಜಕ್ಕಾಗಿ ಬ್ಯಾಡಗಿಯವರೆಗೆ ಹೋಗಿ ಬರಿಗೈಯಲ್ಲಿ ಮರಳಿದರು.

“ನಿಮ್ಮ ಮಶಿನ್ನೂ ನಿಮ್ಮಂಗ ತುಟಿ ಬಿಚ್ಚಂಗಿಲ್ಲ ನೋಡ್ರಿ,” ಎಂದರು ಶಾಂತವ್ವ.

ನಾಚಿಕೆಯಾಯಿತು. ಮರುಕ್ಷಣವೇ ಕುತೂಹಲವೂ ಆಯಿತು. ನಿಯಮವನ್ನು ತಿದ್ದಿದೆ: ಒಂದು ಸಾಲು ಹೇಳಿ ಕಾಯುವುದು, ಆ ಕಡೆಯಿಂದ ಹೂಂ ಬಂದರೆ ಮುಂದಿನ ಸಾಲು, ಬಾರದಿದ್ದರೆ ಅದನ್ನೇ ಇನ್ನೊಮ್ಮೆ. ಇಡೀ ನಿಯಮಾವಳಿ ಒಂದೇ ಹಾಳೆಯಲ್ಲಿ ಹಿಡಿಸಿತು.

ಮೊದಲ ಮಳೆಗೆ ಎರಡು ದಿನವಿರುವಾಗ ಶಾಂತವ್ವ ತಮಗೆ ತಲುಪಿದ ಪಟ್ಟಿಯನ್ನು ಫೋನಿನಲ್ಲಿ ಓದಿದರು. ನಾನು ಸಾಲುಸಾಲಿಗೂ ಹೂಂ ಎಂದೆ. ಒಂದೂ ತಪ್ಪಿರಲಿಲ್ಲ.

“ಈಗ ನಮ್ಮಾಕಿ ಆದ್ರಿ,” ಎಂದರು.

ನನ್ನ ಸೇವೆಯನ್ನು ಮುಂದುವರಿಸಲಾಯಿತು. ಸುದ್ದಿ ತಿಳಿಸಲು ಮೈಸೂರಿಗೆ ಫೋನ್ ಮಾಡಿದಾಗ ಅಪ್ಪ, “ಮಧ್ಯೆ ಮಧ್ಯೆ ಏನದು ಹೂಂ ಹೂಂ ಅಂತ? ಸುಮ್ನೆ ಕೇಳು,” ಎಂದು ಗದರಿದರು. ಅಪ್ಪ ಮಾತು ಮುಂದುವರಿಸಿದರು. ನಾನು ರಿಸೀವರನ್ನು ಬಾಯಿಯಿಂದ ದೂರ ಹಿಡಿದು, ಅವರ ಪ್ರತಿ ಮಾತಿಗೂ ಹೂಂ ಎನ್ನುತ್ತಲೇ ಇದ್ದೆ.