ಖಾಲಿ ಬಾಕ್ಸಿಗೆ ಮಾಡಿದ ಪೂಜೆ

ಬಿಸಿ ಟೋನರಿನ ವಾಸನೆಯೂ ಭಂಡಾರದ ವಾಸನೆಯೂ ಒಂದೇ ಕೋಣೆಯಲ್ಲಿ ಸೇರಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಹೋದ ವಾರ ನಮ್ಮ ಸೊಸೈಟಿಗೆ ಹೊಸ ಝೆರಾಕ್ಸ್ ಮಷೀನು ಬಂತು. ಕಂಪನಿಯವನು ಅದನ್ನು ಒಮ್ಮೆ ಓಡಿಸಿ ತೋರಿಸಿ ಕೈ ಒರೆಸಿಕೊಳ್ಳುತ್ತಿದ್ದ. ಅಷ್ಟರಲ್ಲಿ ಹಿರಿಯ ಸದಸ್ಯರೊಬ್ಬರು ತಾಟಿನಲ್ಲಿ ಕಾಯಿ, ಊದಿನಕಡ್ಡಿ, ಬಟ್ಟಲು ತುಂಬ ಭಂಡಾರ ಹಿಡಿದುಕೊಂಡು ಒಳಗೆ ಬಂದರು. ಭಂಡಾರವೆಂದರೆ ದೇವಿಗೆ ಹಾರಿಸುವ ಅರಿಶಿನದ ಪುಡಿ. ಹೊಸ ಟ್ರ್ಯಾಕ್ಟರಿಗೂ ಅದೇ, ಹೊಸ ಪಂಪ್‌ಸೆಟ್ಟಿಗೂ ಅದೇ. ಅದು ಬೀಳದೆ ಚಿಕ್ಕೋಡಿ, ರಾಯಬಾಗದ ಈ ಸೀಮೆಯಲ್ಲಿ ಯಾವ ಗಾಲಿಯೂ ಉರುಳುವುದಿಲ್ಲ. “ಅದನ್ನ ಮದ್ಲ ಹೊರಗ ಇಡ್ರಿ” ಎಂದೆ. ನನ್ನ ದನಿ ಎಷ್ಟು ಏರಿತ್ತೆಂದರೆ ಕಂಪನಿಯವನು ಒಂದು ಹೆಜ್ಜೆ ಹಿಂದೆ ಸರಿದ.

ಪಾಪ, ಆ ಹಿರಿಯರ ಮೇಲೆ ನನಗೇನೂ ಸಿಟ್ಟಿರಲಿಲ್ಲ. ನನ್ನ ಸಿಟ್ಟು ಹದಿನಾರು ವರ್ಷ ಹಳೆಯದು. ಅದು ಇದೇ ಕೋಣೆಯಲ್ಲಿ ಹುಟ್ಟಿದ್ದು.

ಆಗ ಇಲ್ಲಿ ಒಬ್ಬ ಸೆಕ್ರೆಟರಿಯವರಿದ್ದರು. ಬೇಡಕಿಹಾಳದಿಂದ ಒಳಗೆ ಹೋದರೆ ಸಿಗುವ ನಮ್ಮೂರಿನ ಈ ಕೃಷಿ ಸೊಸೈಟಿಯಲ್ಲಿ ನಾನು ಹೊಸದಾಗಿ ಸೇರಿದ ಕ್ಲಾರ್ಕು, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಅವರಿಗೆ ಐವತ್ತು ದಾಟಿತ್ತು. ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ರಬ್ಬರ್ ಬ್ಯಾಂಡ್ ಸುತ್ತಿದ ಪೆನ್ನು, ಟೇಬಲ್ ಮೇಲೆ ಒಂದು ಕನ್ನಡ ಪೇಪರು, ಒಂದು ಮರಾಠಿ ಪೇಪರು. ಯಾವ ವಸ್ತು ಬಂದರೂ ಅದರ ಜೊತೆಗಿನ ಪುಸ್ತಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಿದ್ದರು. ಫ್ಯಾನಿನ ಪುಸ್ತಿಕೆಯನ್ನೂ ಬಿಟ್ಟವರಲ್ಲ. ಊರಿನವರು ಅವರನ್ನು ಜಿಪುಣ ಎನ್ನುತ್ತಿದ್ದರು. ಜಿಪುಣರಲ್ಲ, ಲೆಕ್ಕ ತಿಳಿದವರು. ಇವೆರಡರ ನಡುವಿನ ವ್ಯತ್ಯಾಸ ನಮ್ಮ ಕಮಿಟಿಗೆ ಎಂದೂ ತಿಳಿಯಲಿಲ್ಲ.

ಮಷೀನು ಬೇಕೆಂದು ಮೊದಲು ಹೇಳಿದವರೂ ಅವರೇ. ಕಬ್ಬಿನ ಹಂಗಾಮು ಶುರುವಾಯಿತೆಂದರೆ ಫ್ಯಾಕ್ಟರಿಗೆ ಉತಾರದ, ಅಂದರೆ ಹೊಲದ ಪಹಣಿಯ ಪ್ರತಿ, ಬ್ಯಾಂಕಿಗೆ ಉತಾರದ ಪ್ರತಿ, ಗಡಿಯಾಚೆ ತುಂಡು ಹೊಲವಿದ್ದರೆ ಅಲ್ಲಿನ ಮರಾಠಿ ಕಾಗದದ ಪ್ರತಿ ಬೇಕಾಗುತ್ತಿತ್ತು. ಒಂದು ಹಾಳೆ ಝೆರಾಕ್ಸ್ ಮಾಡಿಸಲು ಹೆಣ್ಣುಮಕ್ಕಳು ಒಂದು ದಿನದ ಕೂಲಿ ಬಿಟ್ಟು ನಿಪ್ಪಾಣಿಗೆ ಬಸ್ ಹಿಡಿಯುತ್ತಿದ್ದರು. ಅಲ್ಲಿ ಕರೆಂಟು ಹೋಗಿದ್ದರೆ ಮರುದಿನ ಮತ್ತೆ ಹೋಗಬೇಕು. ಅದನ್ನು ನೋಡಿ ನೋಡಿ ಸೆಕ್ರೆಟರಿಯವರು ಮಷೀನಿನ ವಿಷಯವನ್ನು ಕಮಿಟಿಯ ಮುಂದಿಟ್ಟರು.

ಎರಡು ತಿಂಗಳು ಅವರು ಅದರ ಹಿಂದೆಯೇ ಬಿದ್ದರು. ರಜೆಯ ದಿನ ಸ್ವಂತ ಖರ್ಚಿನಲ್ಲಿ ಕೊಲ್ಹಾಪುರಕ್ಕೂ ಚಿಕ್ಕೋಡಿಗೂ ಹೋಗಿ ಬಂದರು. ಝೆರಾಕ್ಸ್ ಅಂಗಡಿಗಳ ಮುಂದೆ ನಿಂತು, ಒಂದು ಡಬ್ಬಿ ಟೋನರ್ ಪುಡಿ ಎಷ್ಟು ಹಾಳೆಗೆ ಬರುತ್ತದೆ, ಡ್ರಮ್ಮು ಎಷ್ಟು ದಿನಕ್ಕೆ ಸವೆಯುತ್ತದೆ ಎಂದು ಕೇಳಿ ಕೇಳಿ ಬರೆದುಕೊಂಡರು. ಕೊನೆಗೆ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದು ಪಟ್ಟಿ ಮಾಡಿದರು. ಅದರಲ್ಲಿ ಮಷೀನಿನ ಬೆಲೆ ಎಲ್ಲಕ್ಕಿಂತ ಕೆಳಗೆ, ಸಣ್ಣ ಅಕ್ಷರದಲ್ಲಿತ್ತು. ಮೇಲೆ ಪುಡಿ, ಡ್ರಮ್ಮು, ಹಾಳೆ, ಕರೆಂಟು, ಸ್ಟೆಬಿಲೈಜರ್, ವರ್ಷದ ಸರ್ವಿಸ್ ಕರಾರು, ರಿಪೇರಿಯವನು ಕೊಲ್ಹಾಪುರದಿಂದ ಬಂದು ಹೋಗುವ ಖರ್ಚು. ಎಲ್ಲ ಕೂಡಿಸಿ, ಭಾಗಿಸಿ, ಒಂದು ಹಾಳೆಗೆ ಎಷ್ಟು ಬೀಳುತ್ತದೆ ಎಂದು ತೆಗೆದಿದ್ದರು. ಅಗ್ಗದ ಮಷೀನಿನ ಹಾಳೆಯೇ ತುಟ್ಟಿಯಾಗುತ್ತದೆ ಎಂಬುದು ಆ ಪಟ್ಟಿ ನೋಡಿದರೆ ನನ್ನಂಥವಳಿಗೂ ಅರ್ಥವಾಗುತ್ತಿತ್ತು.

ಸೊಸೈಟಿಯ ಚೇರಮನ್ನರಿಗೆ ಮಾತ್ರ ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲವೋ, ಅರ್ಥ ಮಾಡಿಕೊಳ್ಳುವ ಮನಸ್ಸಿರಲಿಲ್ಲವೋ... ಅಗ್ಗದ ಮಷೀನು ಮಾರುವ ಏಜೆಂಟ ಅವರ ಬೀಗರ ಪೈಕಿ. ಸಭೆಯ ದಿನ ಆತ ಇಸ್ತ್ರಿ ಅಂಗಿ ತೊಟ್ಟು, ಬಣ್ಣದ ಚಿತ್ರಗಳನ್ನು ಹರಡಿಕೊಂಡು ಕೂತಿದ್ದ. ಸೆಕ್ರೆಟರಿಯವರು ತಮ್ಮ ಪಟ್ಟಿ ಬಿಡಿಸಿ ಕೇಳಿದರು: “ಎಮ್ಮಿ ಕೊಳ್ಳಾಕ ಹೋದಾಗ ಬರೇ ಎಮ್ಮಿ ರೇಟ್ ಕೇಳಿ ಬರತೀರೇನ್ರಿ? ಎಷ್ಟ ಹಿಂಡಿ ತಿಂತೈತಿ, ಎಷ್ಟ ಹಾಲ ಕೊಡತೈತಿ, ಅದನ್ನ ಕೇಳಂಗಿಲ್ಲೇನ?”

“ನಮ್ಮ ಎಮ್ಮಿ ಗಾಳಿ ಕುಡದ ಹಾಲ ಕೊಡತೈತ್ರಿ ಸಾಹೇಬ್ರ” ಎಂದ ಏಜೆಂಟ. ಸಭೆ ನಕ್ಕಿತು. ಚೇರಮನ್ನರು ಅದಕ್ಕೆ ಒಗ್ಗರಣೆ ಹಾಕಿದರು: “ನಮ್ಮ ಸೆಕ್ರೆಟರಿ ಸಾಹೇಬ್ರು ಮದುವಿಗಿಂತ ಮದ್ಲ ಬಾಣಂತನದ ಖರ್ಚ ತಗೀಯಾಕತ್ತಾರ.” ಮತ್ತೆ ನಗು. ಆ ನಗುವಿನಲ್ಲೇ ಅಗ್ಗದ ಮಷೀನು ಪಾಸಾಯಿತು, ಸರ್ವಿಸ್ ಕರಾರು ಬೇಡವೆಂದಾಯಿತು. ಜೀವನವಿಡೀ ಎಮ್ಮೆ ಕಟ್ಟಿ ಹಿಂಡಿ ಹಾಕಿದ ಜನ ಅವರು. ಅವರೇ ನಕ್ಕರಲ್ಲ ಎಂಬುದು ನನ್ನ ಸಿಟ್ಟು.

ಮಷೀನು ಬಂದ ದಿನ ಆಫೀಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೆಕ್ರೆಟರಿಯವರು ಅಷ್ಟರಲ್ಲೇ ಪುಸ್ತಿಕೆ ಓದಿ ಮುಗಿಸಿದ್ದರು. ಪೂಜೆ ಬೇಡವೆಂದು ಅವರು ಹೇಳಲಿಲ್ಲ, ಅವರೂ ದೇವಿಗೆ ನಡೆದುಕೊಳ್ಳುವವರೇ. ಮಷೀನಿನ ಮೇಲೆ ದುಪ್ಪಟಿ ಹೊದಿಸಿ, ಅದು ಬಂದ ಖಾಲಿ ಬಾಕ್ಸನ್ನು ಹೊರಗೆ ಕಟ್ಟೆಯ ಮೇಲಿಟ್ಟರು. “ಈ ಮಷೀನಿಗೆ ಒಂದ ಪುಡಿ ನಡೀತೈತ್ರಿ, ಕಪ್ಪು ಪುಡಿ. ಎರಡನೇ ಪುಡಿ ಒಳಗ ಹೋದ್ರ ಡ್ರಮ್ ಹಾಳಾಕ್ಕೈತಿ. ದೇವಿಗೆ ಬಾಕ್ಸ್ ಆದ್ರೂ ಅಷ್ಟ, ಮಷೀನ್ ಆದ್ರೂ ಅಷ್ಟ” ಎಂದರು. ಬಾಕ್ಸಿಗೇ ಕಾಯಿ ಒಡೆದರು, ಬಾಕ್ಸಿಗೇ ಭಂಡಾರ ಹಾರಿಸಿದರು. ಜನ ಪೇಢೆ ತಿಂದು ಹೋದರು. ಅವರನ್ನು ಬೀಳ್ಕೊಡಲು ಸೆಕ್ರೆಟರಿಯವರು ರಸ್ತೆಯವರೆಗೆ ನಡೆದರು.

ಒಳಗೆ ಉಳಿದವರು ಚೇರಮನ್ನರು ಮತ್ತು ನಾನು. ಅವರು ದುಪ್ಪಟಿ ಎಳೆದು, ಮಷೀನಿನ ಮುಚ್ಚಳ ಎತ್ತಿ, “ಹಾಕವಾ ತಂಗಿ, ಒಂದ್ ಮುಟಗಿ. ರಟ್ಟಿನ ಡಬ್ಬಿಗೆ ಪೂಜಾ ಮಾಡ್ತಾರಂತ” ಎಂದರು. ನಾನು ಕ್ಷಣ ನಿಂತೆ. ಖಾಯಂ ಆಗಬೇಕಾದ ಕೆಲಸ ಅವರ ಒಂದು ಸಹಿಯಲ್ಲಿತ್ತು. ಮುಷ್ಟಿ ತುಂಬ ಹಾಕಿದೆ. ಹಳದಿ ಪುಡಿ ಗಾಜಿನ ಮೇಲೆ ಹರಡಿ ಅಂಚಿನ ಸಂದಿಗೆ ಇಳಿಯಿತು. ಚೇರಮನ್ನರು ಕೈ ಮುಗಿದು ಹೊರಟುಹೋದರು. ನಾನು ಗಾಬರಿಯಾಗಿ ಬಟ್ಟೆ ತಂದು ಒರೆಸಿದೆ. ಒರೆಸಿದಷ್ಟೂ ಅದು ಸಂದಿಯೊಳಗೇ ಹೋಯಿತು...

ಸೆಕ್ರೆಟರಿಯವರು ಮರಳಿ ಬಂದಾಗ ಮಷೀನಿನ ಮೇಲೆ ದುಪ್ಪಟಿ ಮೊದಲಿನಂತೆಯೇ ಇತ್ತು. ನಾನು ಕಾಗದ ಜೋಡಿಸುವ ನಾಟಕ ಮಾಡುತ್ತಿದ್ದೆ. ಅವರು ನನ್ನನ್ನೊಮ್ಮೆ ನೋಡಿ, “ಕೈ ತೊಳ್ಕೊ ತಂಗಿ, ಹಾಳಿಗೆ ಹಳದಿ ಹತ್ತತೈತಿ” ಎಂದರು. ಹೊರಗಿನ ಪೂಜೆಯಲ್ಲಿ ನಾನು ಪೇಢೆ ಹಂಚುತ್ತಿದ್ದೆ, ಭಂಡಾರ ಮುಟ್ಟಿರಲೇ ಇಲ್ಲ. ಅದು ಅವರಿಗೂ ಗೊತ್ತಿತ್ತು.

ಒಂದು ತಿಂಗಳೊಳಗೆ ಪ್ರತಿಗಳ ನಡುವೆ ಕಪ್ಪು ಗೆರೆ ಬೀಳತೊಡಗಿತು. ಗೆರೆ ದಪ್ಪವಾಗುತ್ತಾ ಹೋಗಿ, ಉತಾರದ ಸರ್ವೆ ನಂಬರನ್ನೇ ನುಂಗಿತು. ಬ್ಯಾಂಕಿನವರು ಕಾಗದ ತಿರುಗಿಸಿದರು, ಹೆಣ್ಣುಮಕ್ಕಳು ಮತ್ತೆ ನಿಪ್ಪಾಣಿ ಬಸ್ಸು ಹತ್ತಿದರು. ಕೊಲ್ಹಾಪುರದಿಂದ ರಿಪೇರಿಯವನು ಬಂದು ಮಷೀನು ಬಿಚ್ಚಿ, “ಆತಮಧ್ಯೆ ಹಳದ ಗೇಲೀ ಆಹೆ” ಎಂದು ಮರಾಠಿಯಲ್ಲಿ ಹೇಳಿದ. ಒಳಗೆ ಅರಿಶಿನ ಹೋಗಿದೆ, ಇನ್ನು ಗ್ಯಾರಂಟಿ ನಡೆಯುವುದಿಲ್ಲ, ಡ್ರಮ್ಮಿನ ದುಡ್ಡು ನೀವೇ ಕೊಡಬೇಕು ಎಂಬುದು ಅವನ ಮಾತಿನ ತಾತ್ಪರ್ಯ. ಆ ಡ್ರಮ್ಮಿನ ಬೆಲೆ ಸೆಕ್ರೆಟರಿಯವರ ಪಟ್ಟಿಯಲ್ಲಿ ಎರಡನೇ ಸಾಲಿನಲ್ಲಿ ಮೊದಲೇ ಇತ್ತು. ಗಾಳಿ ಕುಡಿದು ಹಾಲು ಕೊಡುವ ಎಮ್ಮೆ ಮಾರಿದವನು ಫೋನು ಎತ್ತುವುದನ್ನೇ ಬಿಟ್ಟ.

ಮತ್ತೆ ಸಭೆ ಕರೆದರು. ಯಾರು ಆ ಮಷೀನು ಆರಿಸಿದರು, ಯಾರು ಸರ್ವಿಸ್ ಕರಾರು ಬೇಡವೆಂದರು ಎಂಬ ಪ್ರಶ್ನೆ ಏಳಬೇಕಿತ್ತು. ಅದು ಏಳುವ ಮೊದಲೇ ಚೇರಮನ್ನರು ದೇವಿಯನ್ನು ನಡುವೆ ತಂದರು. “ಮಷೀನಿಗೆ ಪೂಜಾ ಬ್ಯಾಡ ಅಂದವರು ಯಾರು? ಬಾಕ್ಸಿಗೆ ಕಾಯಿ ಒಡಸಿದವರು ಯಾರು? ಊರ ಮಂದಿ ಎಲ್ಲಾ ನೋಡ್ಯಾರ. ಇದು ದೇವಿ ಸಿಟ್ಟ, ಮತ್ತೇನಲ್ಲ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಸೆಕ್ರೆಟರಿಯವರು ಎದ್ದು ನಿಂತು ಶಾಂತವಾಗಿಯೇ ಹೇಳಿದರು: “ಮಷೀನಿನ ಒಳಗ ಭಂಡಾರ ಸಿಕ್ಕೈತ್ರಿ. ಯಾರೋ ಹಾಕ್ಯಾರ.”

“ಭಂಡಾರ ಬಿದ್ದ ಕೆಟ್ಟೈತಿ ಅಂತ ಈ ಊರಾಗ ನಿಂತ ಹೇಳತೀರೇನ?” ಎಂದರು ಚೇರಮನ್ನರು. ಸಭೆಯಲ್ಲಿ ಗುಸುಗುಸು ಎದ್ದಿತು. ಭಂಡಾರ ಹಾಕಿಸಿದ ಮನುಷ್ಯ, ಹಾಕಿದ್ದು ತನಗೆ ಗೊತ್ತೇ ಇಲ್ಲವೆಂಬಂತೆ ಎದೆ ಸೆಟೆಸಿ ಕೂತಿದ್ದ. ಹಾಕಿದ ಕೈ ಸೆರಗಿನೊಳಗಿತ್ತು. ಸೆಕ್ರೆಟರಿಯವರ ಕಣ್ಣು ಒಮ್ಮೆ ನನ್ನ ಕಡೆ ಹಾಯಿತು. ನಾನು ನೆಲದ ಫರ್ಸಿ ಕಲ್ಲು ಎಣಿಸುತ್ತಿದ್ದೆ. ಅವರು ಇನ್ನೇನನ್ನೂ ಹೇಳದೆ ಕೂತುಬಿಟ್ಟರು.

ಅವರನ್ನು ಗೊಬ್ಬರದ ಗೋದಾಮಿಗೆ ಹಾಕಿದರು. ಅಷ್ಟು ಓದಿದ, ಅಷ್ಟು ಲೆಕ್ಕ ಬಲ್ಲ ಮನುಷ್ಯ ಯೂರಿಯಾ ಚೀಲ ಎಣಿಸುತ್ತಾ ಆರು ವರ್ಷ ಕಳೆದು ನಿವೃತ್ತರಾದರು. ಗೋದಾಮಿಗೆ ದಾರಿ ನನ್ನ ಟೇಬಲ್ ಪಕ್ಕದಿಂದಲೇ ಇತ್ತು. ದಿನವೂ ಹಾಯುತ್ತಿದ್ದರು, “ಚಹಾ ಆತೇನ ತಂಗಿ?” ಎಂದು ಕೇಳುತ್ತಿದ್ದರು. ಆ ದಿನಗಳಲ್ಲಿ ನಾನು ಖಾಯಂ ಆದೆ. ಆಮೇಲೆ ಅವರ ಖುರ್ಚಿಗೂ ಬಂದೆ. ಇವತ್ತು ಈ ಸೊಸೈಟಿಯ ಸೆಕ್ರೆಟರಿ ನಾನೇ.

ಅವರ ಮೇಲೂ ನನಗೆ ಸಿಟ್ಟಿದೆ, ಮುಚ್ಚಿಟ್ಟು ಏನು ಮಾಡಲಿ? ಒಮ್ಮೆಯಾದರೂ ನನಗೆ ಬೈಯಬಾರದಿತ್ತೇ? ಬೈದಿದ್ದರೆ ಅತ್ತಾದರೂ ಹಗುರಾಗುತ್ತಿದ್ದೆ. ನನ್ನ ಹೆಸರು ಹೇಳಿದ್ದರೆ ನನ್ನ ಕೆಲಸ ಹೋಗುತ್ತಿತ್ತು, ಅದಕ್ಕೇ ಹೇಳಲಿಲ್ಲ ಎಂದು ತಿಳಿಯಲು ನನಗೆ ಬಹಳ ದಿನ ಬೇಕಾಗಲಿಲ್ಲ. ತಿಳಿದ ಮೇಲೂ ನಾನು ಬಾಯಿ ಬಿಡಲಿಲ್ಲವಲ್ಲ, ಅದು ದೊಡ್ಡ ಪಾಪ. ಚೇರಮನ್ನರು ತೀರಿಕೊಂಡಾಗ ಸೊಸೈಟಿಯ ಗೋಡೆಗೆ ಅವರ ಫೋಟೋ ಬಂತು. ಅದಕ್ಕೆ ದಿನಾ ಹೂವು ಏರುತ್ತದೆ. ಎರಡು ವರ್ಷದ ಹಿಂದೆ ಸೆಕ್ರೆಟರಿಯವರು ತೀರಿಕೊಂಡಾಗ ಆಫೀಸಿಗೆ ಅರ್ಧ ದಿನದ ರಜೆಯೂ ಇರಲಿಲ್ಲ. ನಾನು ಮಣ್ಣಿಗೆ ಹೋಗಿ, ದೂರ ನಿಂತು ಬಂದೆ.

ಈ ಸಲ ಮಷೀನು ಕೊಳ್ಳುವಾಗ ಅವರ ಕ್ಯಾಲೆಂಡರಿನ ಪಟ್ಟಿಯನ್ನು ಬೀರುವಿನಿಂದ ತೆಗೆದೆ. ಅದನ್ನು ನಾನೇ ಇಟ್ಟುಕೊಂಡಿದ್ದೆ. ಬಂದ ಮೂವರು ಏಜೆಂಟರಿಗೂ ಅವರ ಪ್ರಶ್ನೆಯನ್ನೇ ಕೇಳಿದೆ: ಮಷೀನಿನ ರೇಟು ಆಮೇಲೆ, ಒಂದು ಹಾಳೆಗೆ ಎಷ್ಟು ಬೀಳುತ್ತದೆ? ಇಬ್ಬರು ತಡವರಿಸಿದರು. ಲೆಕ್ಕ ಬರೆದುಕೊಟ್ಟವನ ಮಷೀನು ಕೊಂಡೆ, ಸರ್ವಿಸ್ ಕರಾರು ಸಹಿತ.

ಹೋದ ವಾರ ನಾನು ಗದರಿಸಿದ ಮೇಲೆ ಆ ಹಿರಿಯ ಸದಸ್ಯರು ತಾಟು ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು. ಬಾಕ್ಸು ಹೊರಗಿದೆ, ಅದಕ್ಕೆ ಪೂಜೆ ಮಾಡಿ ಎಂದೆ. ಅವರ ಮುಖ ಸಣ್ಣದಾಯಿತು. “ಹಂಗ ಮಾಡಬ್ಯಾಡ್ರಿ ಬಾಯಾರ. ಹಿಂದಿನ ಸೆಕ್ರೆಟರಿ ಹಂಗ ಮಾಡೇ ದೇವಿ ಮುನಿದಿದ್ಳು. ಮಷೀನೂ ಹೋತು, ಅವರ ಖುರ್ಚಿನೂ ಹೋತು. ಊರಾಗ ಸಣ್ಣ ಹುಡುಗರಿಗೂ ಗೊತ್ತೈತಿ.”

ಸಣ್ಣ ಹುಡುಗರಿಗೂ. ಹದಿನಾರು ವರ್ಷದಲ್ಲಿ ನನ್ನ ಸುಳ್ಳು ಊರಿನ ಕತೆಯಾಗಿತ್ತು. ಗೋಡೆಯ ಮೇಲಿನ ಫೋಟೋ ಕಡೆ ನೋಡಿದೆ. ಆಫೀಸಿನಲ್ಲಿ ಏಳೆಂಟು ಮಂದಿ ಇದ್ದರು, ಎಲ್ಲರಿಗೂ ಕೇಳುವಂತೆ ಹೇಳಿದೆ: “ದೇವಿ ಮುನಿದಿರಲಿಲ್ರಿ. ಅವತ್ತ ಮಷೀನಿನೊಳಗ ಭಂಡಾರ ಹಾಕಿದಾಕಿ ನಾ. ಹಾಕಿಸಿದವರು ಚೇರಮನ್ ಸಾಹೇಬ್ರು. ಸೆಕ್ರೆಟರಿ ಸಾಹೇಬ್ರದು ಏನೂ ತಪ್ಪ ಇರಲಿಲ್ಲ.”

ಕಂಪನಿಯವನು ಏನೂ ಅರ್ಥವಾಗದೆ ತನ್ನ ಚೀಲ ಕಟ್ಟತೊಡಗಿದ. ಆ ಹಿರಿಯರು ತಾಟನ್ನು ನಿಧಾನವಾಗಿ ಬೆಂಚಿನ ಮೇಲಿಟ್ಟು ಕೇಳಿದರು: “ಮತ್ತ ಆವಾಗ ಯಾಕ ಹೇಳಲಿಲ್ರಿ ಬಾಯಾರ?”

ಆರು ವರ್ಷ ದಿನವೂ ನನ್ನ ಟೇಬಲ್ ಪಕ್ಕ ಹಾದು ಹೋದವರು ಒಂದು ದಿನವೂ ಕೇಳದ ಪ್ರಶ್ನೆ ಅದು.