ಬೂದಿಕೋಟೆಯ ರಜೆಯಲ್ಲಿ ಏರಿದ ಸಕ್ಕರೆ

ನಾದಿನಿಯ ಮನೆಗೆ ಹೋದ ಮೂರನೇ ದಿನ ಬೆಳಿಗ್ಗೆ ಸಕ್ಕರೆ ನೋಡುವ ಮೀಟರ್ ಮುನ್ನೂರ ಹನ್ನೆರಡು ತೋರಿಸಿತು. ರಾಬರ್ಟ್‌ಸನ್‌ಪೇಟೆಯ ನಮ್ಮ ಮನೆಯಲ್ಲಿ ನೂರ ಮೂವತ್ತು ದಾಟಿದ್ದೇ ಅಪರೂಪ.

ಯಜಮಾನರ ಮುಖ ನೋಡಿದೆ. ಅವರು ಕಿಟಕಿಯ ಕಡೆ ತಿರುಗಿದರು.

ಕದ್ದು ತಿಂದಿದ್ದಾರೆ.

ಐದು ವರ್ಷದಿಂದ ಇನ್ಸುಲಿನ್ ಮೇಲಿರುವ ಮನುಷ್ಯ. ಫ್ಯಾಕ್ಟರಿಗೆ ಹತ್ತು ದಿನ ರಜೆ ಹಾಕಿ, ಬೂದಿಕೋಟೆಯಲ್ಲಿರುವ ತಂಗಿಯ ಮನೆಗೆ ಹೊರಟಾಗಲೇ ಹೇಳಿದ್ದೆ: ರಜೆ ನಿಮಗೆ, ಪಥ್ಯಕ್ಕಲ್ಲ. ಅರ್ಧ ಮುದ್ದೆ, ಸೊಪ್ಪಿನ ಸಾರು, ಬೆಳಿಗ್ಗೆ ನಲವತ್ತು ನಿಮಿಷ ವಾಕಿಂಗ್. ನಾದಿನಿ ಮುನಿರತ್ನಮ್ಮನದು ಹಸು ಕಟ್ಟಿದ ಮನೆ. ಹಾಲು, ಮೊಸರು, ಗಿಣ್ಣು ಅಂತ ಅಣ್ಣನಿಗೆ ಬಡಿಸದೆ ಬಿಡುವವಳಲ್ಲ. ಅವಳ ಮೇಲೂ ಒಂದು ಕಣ್ಣಿಟ್ಟೆ.

ವಾಕಿಂಗ್ ದಾರಿಯಲ್ಲಿ ಒಂದು ಬೇಕರಿ ಇತ್ತು. ಮರುದಿನ ತಲೆಗೆ ಸೆರಗು ಹೊದ್ದು ಹಿಂದೆಯೇ ಹೋದೆ. ಬೇಕರಿ ಮುಂದೆ ನಿಂತರು. ಸಿಕ್ಕಿಬಿದ್ದರು ಅಂದುಕೊಂಡೆ. ಚಪ್ಪಲಿಗೆ ಸಿಕ್ಕಿದ ಕಲ್ಲು ಕೊಡವಿ ಮುಂದೆ ನಡೆದರು. ನಾನು ಬಂದಿರುವುದು ಗೊತ್ತಾಗಿಯೇ ನಾಟಕ ಮಾಡಿದರು ಎಂಬ ಅನುಮಾನ ಇನ್ನೂ ಗಟ್ಟಿಯಾಯಿತು. ಥೂ, ಎಂಥ ಬುದ್ಧಿ ನನ್ನದು!

ಐದನೇ ದಿನ ಮುನ್ನೂರ ತೊಂಬತ್ತು.

"ಏನೂ ತಿಂದಿಲ್ಲ ಕಣೇ. ಮಗಳ ಮೇಲಾಣೆ" ಎಂದರು.

"ಮಗಳನ್ನ ಯಾಕೆ ಎಳೀತೀರಾ? ಮೀಟ್ರು ಸುಳ್ಳು ಏಳ್ತದಾ?"

ಮುದ್ದೆಯನ್ನು ಕಾಲು ಭಾಗಕ್ಕಿಳಿಸಿದೆ. ಸಂಜೆಯೂ ನಡೆಸಿದೆ. ಶರ್ಟಿನ ಜೇಬಿನಲ್ಲಿ ಬಿಸ್ಕತ್ತಿನ ಪುಡಿ ಹುಡುಕಿದೆ. ಅವರು ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದರು, ಪದೇ ಪದೇ ಹಿತ್ತಲಿಗೆ ಹೋಗುತ್ತಿದ್ದರು. ಸುಸ್ತು ಎಂದರೆ ನೆಪ ಎಂದೆ.

ಆರನೇ ದಿನ ವಾಂತಿ ಶುರುವಾಯಿತು. ಮೀಟರ್ ಅಂಕಿ ಬಿಟ್ಟು 'ಹೈ' ಎಂದಿತು.

ಬಂಗಾರಪೇಟೆಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವರ ತಲೆ ನನ್ನ ಹೆಗಲಿಗೆ ಬಿದ್ದಿತ್ತು. ಡ್ರಿಪ್ ಹಾಕಿದರು, ಬ್ಲಡ್ ತೆಗೆದರು. ಎದುರು ಬಂದ ಡಾಕ್ಟರಿಗೆ ನಾನೇ ಮೊದಲು ದೂರು ಹೇಳಿದೆ, ಕದ್ದು ತಿಂತಾರೆ ಅಂತ. ಅವರು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

"ಇನ್ಸುಲಿನ್ ಎಲ್ಲಿಟ್ಟಿದ್ರಿ?"

"ಫ್ರಿಡ್ಜಲ್ಲಿ. ಬಾಗಿಲ ಹತ್ರ."

ಹಿಂದೆ ನಿಂತಿದ್ದ ಮುನಿರತ್ನಮ್ಮ ಬಾಯಿಬಿಟ್ಟಳು. "ಕರೆಂಟು ಓಗಿ ಓಗಿ ಬತ್ತಿತ್ತಲ್ಲ ಅತ್ಗೆ. ಆಲು ಕೆಡ್ತದೆ, ಔಸ್ದಿ ಕೆಡಲ್ವಾ ಅಂತ ದಿನಾ ಸಂಜೆ ಮೇಲ್ಗಡೆ ಐಸ್ ಆಗೋ ಕಡೆ ಇಕ್ತಿದ್ದೆ. ಬೆಳಿಗ್ಗೆ ಆಲು ಕರೆಯಾಕೆ ಎದ್ದಾಗ ತಿರ್ಗಾ ಕೆಳಗಿಕ್ತಿದ್ದೆ."

ಡಾಕ್ಟರ್ ನನ್ನ ಕಡೆ ತಿರುಗಿದರು. "ಫ್ರೀಜ್ ಆದ ಇನ್ಸುಲಿನ್ ಕೆಲಸ ಮಾಡಲ್ಲಮ್ಮ. ಇಷ್ಟು ದಿನ ನೀರು ಚುಚ್ಚಿದ ಹಾಗೇ ಆಗಿದೆ."

ಯಜಮಾನರು ಏನೂ ತಿಂದಿರಲಿಲ್ಲ.

ಮುನಿರತ್ನಮ್ಮ ಗೋಳೋ ಎಂದು ಅತ್ತಳು. ಅವಳನ್ನು ಬಯ್ಯಲು ನನಗೆ ಬಾಯಿ ಬರಲಿಲ್ಲ. ಹಾಲಿನ ಮನೆಯವಳು, ತಣ್ಣಗಿದ್ದಷ್ಟೂ ಒಳ್ಳೆಯದು ಎಂದು ತಿಳಿದವಳು, ಅಣ್ಣನ ಮೇಲಿನ ಅಕ್ಕರೆಯಿಂದ ತಪ್ಪು ಮಾಡಿದಳು. ನಾನು ಮಾಡಿದ್ದು ಯಾವುದರಿಂದ? ಕಟ್ಟಿಕೊಂಡ ಗಂಡನನ್ನು, ನಾದಿನಿಯನ್ನು, ಬೇಕರಿಯವನನ್ನು ಅನುಮಾನಿಸಿದೆ. ದಿನಾ ಬೆಳಿಗ್ಗೆ ನನ್ನ ಕೈಯಿಂದಲೇ ಚುಚ್ಚುತ್ತಿದ್ದ ಬಾಟಲಿಯನ್ನು ಒಂದು ಸಲವೂ ಅನುಮಾನಿಸಲಿಲ್ಲ.

ಎರಡು ದಿನಕ್ಕೆ ಸಕ್ಕರೆ ಇಳಿಯಿತು. ಸಿಸ್ಟರ್ ಇಡ್ಲಿ ತಂದಿಟ್ಟರು. ಯಜಮಾನರು ಹಸಿದಿದ್ದರು ಪಾಪ, ಆದರೂ ಮುಟ್ಟಲಿಲ್ಲ. ನನ್ನ ಕಡೆ ನೋಡಿದರು.

"ತಿನ್ನಲಾ?"

"ತಿನ್ರೀ" ಎಂದವಳು ವರಾಂಡಕ್ಕೆ ಬಂದು ಬಿಕ್ಕಿಬಿಕ್ಕಿ ಅತ್ತೆ.

ಮನೆಗೆ ಬಂದು ಮೂರು ವಾರವಾಯಿತು. ಹೊಸ ಬಾಟಲಿ, ಹಳೇ ಪಥ್ಯ. ದೇವರ ದಯೆ, ಮನುಷ್ಯ ಉಳಿದರು. ಒಬ್ಬರೇ ವಾಕಿಂಗ್ ಹೋಗಿಬರಲಿ ಎಂದು ಬೇಕೆಂದೇ ಮನೆಯಲ್ಲಿ ಉಳಿಯುತ್ತೇನೆ. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳುವುದಿಲ್ಲ. ಆದರೂ ತಟ್ಟೆ ಮುಂದಿಟ್ಟರೆ, ತುತ್ತು ಮುರಿಯುವ ಮೊದಲು ಒಮ್ಮೆ ನನ್ನ ಮುಖ ನೋಡುತ್ತಾರೆ.