ಸಪ್ಪೆ ನೀರಿನ ಮೇಸ್ತ್ರಿ

ಬೆಳಗಿನ ಏಳು ಗಂಟೆ. ಮಲೇಷ್ಯಾದ ಲಂಕಾವಿ ದ್ವೀಪದ ಗುಡ್ಡಗಳ ಹಿಂದೆ ಸೂರ್ಯ ಇನ್ನೂ ತಡಮಾಡುತ್ತಿದ್ದಾನೆ. ಎರಡು ಗುಡ್ಡಗಳ ನಡುವಿನ ಕೊಲ್ಲಿಯಲ್ಲಿ ಲಂಗರು ಬಿಟ್ಟ ಹಾಯಿದೋಣಿಯೊಂದರ ನೆಲಹಲಗೆ ತೆಗೆದಿದೆ. ಅದರ ಹೊಟ್ಟೆಯೊಳಗೆ ಸೊಂಟದವರೆಗೆ ಇಳಿದು ಒಬ್ಬರು ಬೋರಲಾಗಿ ಮಲಗಿದ್ದಾರೆ. ಹೊರಗೆ ಕಾಣುವುದು ಎರಡು ಬರಿಗಾಲು ಮಾತ್ರ. ಎಡಗಾಲಿನ ಹೆಬ್ಬೆರಳಿಗೆ ಉಗುರಿಲ್ಲ.

ಕಾಲುಗಳ ಒಡೆಯರು ಜಮ್‌ಹಾರಿ ಬಿನ್ ಓತ್ಮಾನ್. ವಯಸ್ಸು ಐವತ್ತೆಂಟು. ಊರವರಿಗೆಲ್ಲ ಅವರು ಪಾಕ್ ಸು, ಅಂದರೆ ಕಿರಿಯ ಚಿಕ್ಕಪ್ಪ. ದೋಣಿಯ ಒಡತಿ ಸೊಲೆನ್ ಎಂಬ ಫ್ರೆಂಚ್ ಹೆಂಗಸು. ಒಬ್ಬಳೇ ಸಮುದ್ರ ಸುತ್ತುವ ಆಕೆ ಮುಂದಿನ ವಾರ ಹಿಂದೂ ಮಹಾಸಾಗರ ದಾಟಲಿದ್ದಾಳೆ. ಉಪ್ಪುನೀರನ್ನು ಕುಡಿಯುವ ನೀರು ಮಾಡುವ ಯಂತ್ರವೊಂದನ್ನು ಪಾಕ್ ಸು ಆಕೆಯ ದೋಣಿಗೆ ಕೂರಿಸಿದ್ದಾರೆ. ಇಂದು ಅದು ಮೊದಲ ಸಲ ಓಡಬೇಕು.

ಒಳಗಿಂದ ಒಂದು ಕೈ ಮೇಲೆ ಬಂದು, ಸಾಕು ಎಂಬಂತೆ ಗಾಳಿಯಲ್ಲಿ ಅಲ್ಲಾಡುತ್ತದೆ. ಸೊಲೆನ್ ಮಾತು ನಿಲ್ಲಿಸುತ್ತಾಳೆ, ಫ್ಯಾನ್ ಆರಿಸುತ್ತಾಳೆ. ಪಂಪು ಸದ್ದು ಶುರುಮಾಡುತ್ತದೆ. ಪಾಕ್ ಸು ಅದರ ಪಕ್ಕ ಕೆನ್ನೆಯಿಟ್ಟು ಕೇಳುತ್ತಾರೆ. ಎಲ್ಲಿಯಾದರೂ ಗಾಳಿ ಸೇರುತ್ತಿದ್ದರೆ ಸದ್ದು ಬಿಕ್ಕುತ್ತದಂತೆ. ಹತ್ತು ನಿಮಿಷ ಕೆನ್ನೆ ತೆಗೆಯುವುದಿಲ್ಲ. ಸದ್ದು ಬಿಕ್ಕುವುದಿಲ್ಲ.

ಮೊದಲ ಅರ್ಧ ಗಂಟೆಯ ನೀರನ್ನು ಅವರು ಸಮುದ್ರಕ್ಕೇ ಬಿಡುತ್ತಾರೆ. ಆಮೇಲೆ ಒಂದು ಲೋಟ ಹಿಡಿದು ಉಪ್ಪಿನಂಶ ಅಳೆಯುವ ಕಡ್ಡಿ ಅದ್ದುತ್ತಾರೆ. ಮುನ್ನೂರ ಹತ್ತು. ಐನೂರರ ಕೆಳಗಿದ್ದರೆ ಕುಡಿಯಬಹುದು. ಅಷ್ಟಕ್ಕೇ ಒಪ್ಪದೆ ಒಂದು ಗುಟುಕು ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ನುಂಗಿ, ಒಂದೇ ಪದ ಹೇಳುತ್ತಾರೆ: "ತಾವಾರ್."

ನಾವು ಸಿಹಿನೀರು ಎನ್ನುವುದನ್ನು ಇಲ್ಲಿಯವರು ‘ಆಯೆರ್ ತಾವಾರ್’ ಎನ್ನುತ್ತಾರೆ. ತಾವಾರ್ ಎಂದರೆ ಸಪ್ಪೆ. ಈ ಒಂದು ಪದ ಕಳೆದ ಏಳು ತಿಂಗಳಿಂದ ಪಾಕ್ ಸು ಅವರ ಅನ್ನವನ್ನು ಕಿತ್ತುಕೊಂಡಿದೆ. ಪದದ ಮೇಲೆ ಸಿಟ್ಟುಮಾಡಿಕೊಂಡು ಪ್ರಯೋಜನವಿಲ್ಲ. ಸಿಟ್ಟಾಗಬೇಕಾದ ಜನ ಬೇರೆ ಇದ್ದಾರೆ.

ಮೀನುಗಾರರ ಮನೆಯಲ್ಲಿ ಹುಟ್ಟಿದ ಪಾಕ್ ಸು ಮೂವತ್ತರವರೆಗೆ ದೋಣಿ ಎಂಜಿನ್ ರಿಪೇರಿ ಮಾಡಿಕೊಂಡಿದ್ದವರು. ಒಮ್ಮೆ ವಿದೇಶಿಯೊಬ್ಬ ಕೆಟ್ಟ ನೀರಿನ ಯಂತ್ರವನ್ನು ದಡದ ಮೇಲೆ ಬಿಸಾಕಿ ಹೋದ. ಇವರು ಅದನ್ನು ಮನೆಗೆ ತಂದು ಬಿಚ್ಚಿದರು. ಎರಡು ತಿಂಗಳು ಬಿಚ್ಚಿ ಜೋಡಿಸಿದರು. ಕೊನೆಗೆ ಅಡುಗೆಮನೆಯಲ್ಲಿ ಅದರಿಂದ ಒಂದು ಲೋಟ ನೀರು ಬಂತು. ಅಲ್ಲಿಂದ ಈಚೆಗೆ ಇನ್ನೂರ ಹನ್ನೆರಡು ದೋಣಿಗಳಿಗೆ ಯಂತ್ರ ಕೂರಿಸಿದ್ದಾರೆ. ಅವರ ಹೆಸರು ಯಾವ ದೋಣಿಯ ಮೇಲೂ ಇಲ್ಲ.

ಯಂತ್ರ ಬೇಕೆಂದು ಬಂದವರಿಗೆ ಪಾಕ್ ಸು ಮೊದಲು ಯಂತ್ರ ತೋರಿಸುವುದಿಲ್ಲ. ಒಂದು ಬಕೆಟ್ ಕೊಡುತ್ತಾರೆ. ಮೂರು ದಿನ ದೋಣಿಯ ನಲ್ಲಿಗಳನ್ನು ಮುಚ್ಚಿ, ಕುಡಿಯಲು, ಬೇಯಿಸಲು, ತಲೆ ತೊಳೆಯಲು ಎಲ್ಲಕ್ಕೂ ಆ ಬಕೆಟ್‌ನಿಂದಲೇ ಮೊಗೆದು, ಮೊಗೆದಷ್ಟನ್ನೂ ಗೋಡೆಯ ಮೇಲೆ ಗೀಟು ಹಾಕಬೇಕು. ಸೊಲೆನ್ ಗಂಟೆಗೆ ನೂರು ಲೀಟರ್ ಮಾಡುವ ಯಂತ್ರ ಬೇಕೆಂದು ಹಟ ಹಿಡಿದಿದ್ದಳು. ಮೂರು ದಿನದ ಗೀಟು ಎಣಿಸಿದರೆ ದಿನಕ್ಕೆ ಹದಿನೆಂಟು ಲೀಟರ್. ಅವಳ ಸೋಲಾರ್ ಹಲಗೆಗಳು ಕೊಡುವ ಕರೆಂಟಿಗೆ ಗಂಟೆಗೆ ಮೂವತ್ತು ಲೀಟರಿನ ಯಂತ್ರ ಸಾಕು, ಎಂಜಿನ್ ಹಚ್ಚುವುದೇ ಬೇಡ ಎಂದು ಪಾಕ್ ಸು ಲೆಕ್ಕ ಹಾಕಿ ಹೇಳಿದರು.

"ದೊಡ್ಡದು ಮಾರಿದ್ರೆ ನಂಗೇನು ನಷ್ಟ ಇಲ್ಲ," ಎನ್ನುತ್ತಾರೆ. "ಆದ್ರೆ ಆಯಮ್ಮ ನಡು ಸಮುದ್ರದಲ್ಲಿ ಬ್ಯಾಟರಿ ಸತ್ತು ಕೂತ್ರೆ, ನೂರು ಲೀಟರ್ ಅಂತ ಬರೆದಿರೋ ಡಬ್ಬಿನ ನೆಕ್ಕೋಕಾಗಲ್ಲ."

ಕೂರಿಸುವಾಗಲೂ ಹಾಗೆ. ಕಕ್ಕಸಿಗೆ ನೀರೆಳೆಯುವ ತೂತಿನಿಂದಲೇ ಯಂತ್ರಕ್ಕೂ ಎಳೆದುಬಿಡೋಣ, ಕೆಲಸ ಉಳಿಯುತ್ತದೆ ಎಂದು ಮಾಲೀಕರು ಹೇಳುತ್ತಾರೆ. ಇವರು ಒಪ್ಪುವುದಿಲ್ಲ. ಬೇರೆ ತೂತು ಬೇಕು, ಅದೂ ದೋಣಿಯ ನಡುಗೆರೆಯ ಹತ್ತಿರ, ಆಳದಲ್ಲಿ. ಗಾಳಿಗೆ ದೋಣಿ ಒಂದು ಪಕ್ಕಕ್ಕೆ ವಾಲಿದರೂ ತೂತು ನೀರಿನಿಂದ ಮೇಲೇಳಬಾರದು. ಶೋಧಿಸುವ ಫಿಲ್ಟರುಗಳು ಕೈಗೆಟುಕುವಂತಿರಬೇಕು. "ಬಗ್ಗೋಕೆ ಕಷ್ಟ ಆದ್ರೆ ಯಾರೂ ತೊಳೆಯಲ್ಲ. ನಾನು ಮನುಷ್ಯರ ಸೋಮಾರಿತನ ನೋಡಿ ಪೈಪ್ ಎಳೀತೀನಿ," ಎನ್ನುತ್ತಾರೆ.

ಕಳೆದ ವರ್ಷ ‘ಬ್ಲೂ ಹೆರನ್’ ಎಂಬ ದೊಡ್ಡ ದೋಣಿಗೆ ಯಂತ್ರ ಕೂರಿಸಿದ್ದು ಇದೇ ಕೈ. ಮಾಲೀಕ ಡೆಸ್ಮಂಡ್ ಎಂಬ ನಿವೃತ್ತ ಅಧಿಕಾರಿ. ಯಂತ್ರದ ಜೀವ ಅದರೊಳಗೆ ಉಪ್ಪನ್ನು ತಡೆಯುವ ತೆಳು ಪೊರೆ. ವಾರಕ್ಕೊಮ್ಮೆ ಅದನ್ನು ಉಪ್ಪಿಲ್ಲದ ನೀರಿನಲ್ಲಿ ತೊಳೆಯಬೇಕು. ಆದರೆ ದಡದ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅದು ಪೊರೆಯನ್ನು ಸುಟ್ಟುಬಿಡುತ್ತದೆ. ಕ್ಲೋರಿನ್ ಹಿಡಿಯುವ ಇದ್ದಿಲ ಫಿಲ್ಟರ್ ಹಾಕುತ್ತೇನೆ ಎಂದು ಪಾಕ್ ಸು ಎರಡು ಸಲ ಕೇಳಿದರು. ಜಾಗವಿಲ್ಲ, ಬೇಡ ಎಂದು ಡೆಸ್ಮಂಡ್ ಎರಡು ಸಲವೂ ಹೇಳಿದ. ಆ ಜಾಗದಲ್ಲಿ ಈಗ ವೈನ್ ಬಾಟಲಿಗಳ ಗೂಡು ಇದೆ. ಹಾಗಾದರೆ ಯಂತ್ರ ತಾನೇ ಮಾಡಿದ ನೀರಿನಿಂದಲೇ ತೊಳೆಯಲಿ ಎಂದು ಪಾಕ್ ಸು ತೊಳೆಯುವ ಪೈಪಿಗೆ ಒಂದು ಚೀಟಿ ಕಟ್ಟಿದರು. ಮಲಯ್ ಭಾಷೆಯಲ್ಲಿ ‘ಆಯೆರ್ ತಾವಾರ್ ಮಾತ್ರ’ ಎಂದು ಬರೆದು, ಪಕ್ಕದ ಮನೆಯ ಶಾಲಾ ಮೇಷ್ಟ್ರಿಂದ ಇಂಗ್ಲಿಷಿನಲ್ಲೂ ಬರೆಸಿದರು. ಮೇಷ್ಟ್ರು ಎಲ್ಲರೂ ಬರೆಯುವ ಹಾಗೆ ‘ಫ್ರೆಶ್ ವಾಟರ್’ ಎಂದು ಬರೆದುಕೊಟ್ಟರು.

ಪಾಕ್ ಸು ಅವರ ಮನಸ್ಸಿನಲ್ಲಿ ನಲ್ಲಿ ನೀರು ತಾವಾರ್ ಅಲ್ಲ. ಅದರಲ್ಲಿ ಔಷಧಿಯ ರುಚಿ ಇದೆ. ರುಚಿ ಇರುವುದು ಸಪ್ಪೆ ಹೇಗಾದೀತು? ಇಂಗ್ಲಿಷಿನ ಪದಕ್ಕೆ ಈ ನಾಲಿಗೆ ಇಲ್ಲ. ಉಪ್ಪಿಲ್ಲದ್ದೆಲ್ಲ ಅದಕ್ಕೆ ಒಂದೇ.

ಬ್ಲೂ ಹೆರನ್ ಎರಡು ತಿಂಗಳು ಹಾಯಿದೋಣಿಗಳ ಖಾಸಗಿ ಬಂದರಾದ ಮರೀನಾದಲ್ಲಿ ಕಟ್ಟಿಕೊಂಡಿದ್ದು ಹೊರಟಿತು. ಒಂಬತ್ತನೆಯ ದಿನ ನಡು ಸಮುದ್ರದಲ್ಲಿ ಯಂತ್ರದ ನೀರು ಉಪ್ಪಾಯಿತು. ಗಂಡ ಹೆಂಡತಿ ಬಾಟಲಿ ನೀರು ಹಂಚಿಕೊಂಡು ಆರು ದಿನಕ್ಕೆ ದಡ ಸೇರಿದರು. ಬದುಕಿದರು. ಆರು ದಿನ ಗುಟುಕು ಲೆಕ್ಕದಲ್ಲಿ ಕುಡಿದವರ ಭಯ ಸಣ್ಣದಲ್ಲ, ಅದನ್ನು ಯಾರೂ ಅಲ್ಲಗಳೆಯಬಾರದು. ಆದರೆ ದಡ ಸೇರಿದ ಡೆಸ್ಮಂಡ್ ಮಾಡಿದ ಮೊದಲ ಕೆಲಸ ಮರೀನಾಕ್ಕೆ ಪತ್ರ ಬರೆದದ್ದು. ಜಮ್‌ಹಾರಿ ಎಂಬುವನ ಕಳಪೆ ಕೆಲಸ ನಮ್ಮನ್ನು ಕೊಲ್ಲುತ್ತಿತ್ತು ಎಂದು. ಮರೀನಾದವರು ಆ ಪತ್ರವನ್ನು ಸೂಚನಾ ಫಲಕಕ್ಕೆ ಅಂಟಿಸಿದರು. ಅದೇ ಸಂಜೆ ಪಾಕ್ ಸು ಅವರನ್ನು ಗೇಟಿನಲ್ಲೇ ನಿಲ್ಲಿಸಿ ಪಾಸ್ ಕಿತ್ತುಕೊಂಡರು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಆ ಪತ್ರ ಈಗಲೂ ಅಲ್ಲೇ ಇದೆ, ಬಿಸಿಲಿಗೆ ಹಳದಿಯಾಗಿದೆ. ಎರಡನೆಯ ಪುಟದ ಮಧ್ಯದಲ್ಲಿ ಡೆಸ್ಮಂಡ್ ತಾನೇ ಹೆಮ್ಮೆಯಿಂದ ಬರೆದುಕೊಂಡ ಸಾಲೊಂದಿದೆ: ಹೊರಡುವ ಮುಂಚೆ ಎರಡು ತಿಂಗಳೂ ಪ್ರತಿ ಭಾನುವಾರ ತಪ್ಪದೆ, ಮರೀನಾದ ನಲ್ಲಿಗೆ ಪೈಪು ಸಿಕ್ಕಿಸಿ, ಯಂತ್ರವನ್ನು ಚೆನ್ನಾಗಿ ತೊಳೆದೆವು.

ಅಷ್ಟೇ. ಪೊರೆಯನ್ನು ಸುಟ್ಟವನು ತಾನು ಸುಟ್ಟದ್ದನ್ನು ತಾನೇ ಬರೆದು, ಸಹಿ ಹಾಕಿ ಕಳಿಸಿದ್ದಾನೆ. ಏಳು ತಿಂಗಳಿಂದ ನೂರಾರು ಜನ ಆ ಫಲಕದ ಮುಂದೆ ನಿಂತು ಕಾಫಿ ಕುಡಿದಿದ್ದಾರೆ. ನೀರಿನ ಯಂತ್ರ ಬಲ್ಲ ಯಾವನಿಗಾದರೂ ಆ ಒಂದು ಸಾಲು ಸಾಕು. ಯಾರೂ ಓದಿಲ್ಲ, ಅಥವಾ ಓದಿ ಸುಮ್ಮನಿದ್ದಾರೆ. ಎರಡನೆಯದು ಹೆಚ್ಚು ಹೇಸಿಗೆ. ಮರೀನಾ ಕಚೇರಿಯ ಅಧಿಕಾರಿಣಿಗೆ ನಾನು ಆ ಸಾಲು ತೋರಿಸಿದಾಗ ಆಕೆ, ಚೀಟಿಯಲ್ಲಿ ಫ್ರೆಶ್ ವಾಟರ್ ಎಂದಿದೆ, ಅವರು ಫ್ರೆಶ್ ವಾಟರ್ ಹಾಕಿದ್ದಾರೆ, ಇದರಲ್ಲಿ ಗೊಂದಲವೇನು ಎಂದು ಕೇಳಿ ಫೋನೆತ್ತಿಕೊಂಡರು.

ಮೊದಲು ಹೊಸದು, ರಿಪೇರಿ ಎಲ್ಲ ಸೇರಿ ತಿಂಗಳಿಗೆ ಎರಡು ದೋಣಿಯ ಕೆಲಸ ಸಿಗುತ್ತಿತ್ತು. ಈ ಏಳು ತಿಂಗಳಲ್ಲಿ ಒಟ್ಟು ಮೂರು. ಮರೀನಾದೊಳಗೆ ಕಾಲಿಡುವಂತಿಲ್ಲ. ಕೆಲಸ ಕೊಡುವ ಒಬ್ಬಿಬ್ಬರು ದೋಣಿಯನ್ನು ಹೊರಗೆ ತಂದು ಲಂಗರು ಬಿಡಬೇಕು. ಪಾಕ್ ಸು ಕಡಲಂಚಿನ ಕಾಂಡ್ಲಾ ಕಾಡಿನ ಹಿಂದಿನಿಂದ ಕಳ್ಳನ ಹಾಗೆ ಪುಟ್ಟ ದೋಣಿಯಲ್ಲಿ ಬರಬೇಕು. ಇವರು ಯಂತ್ರ ಕೂರಿಸಿ ಹೋದ ದೋಣಿಗಳಲ್ಲಿ ಮಾಲೀಕರು ಸಂಜೆ ಡೆಕ್ಕನ್ನೂ ಸಿಹಿನೀರಿನಲ್ಲೇ ತೊಳೆಯುತ್ತಾರೆ. ಇವರ ಕೇರಿಯಲ್ಲಿ ಬೇಸಿಗೆ ಬಂದರೆ ವಾರಕ್ಕೆ ಮೂರು ದಿನ ನಲ್ಲಿ ಬರೀ ಗಾಳಿ ಬಿಡುತ್ತದೆ.

ಇದನ್ನೆಲ್ಲ ಕೇಳಿದರೆ ಪಾಕ್ ಸು ಪಕ್ಕಕ್ಕೆ ನೋಡುತ್ತಾರೆ. ಸಿಟ್ಟನ್ನೆಲ್ಲ ಹೆಂಡತಿ ಕಲ್ಸೋಮ್ ವಹಿಸಿಕೊಂಡಿದ್ದಾರೆ. ಒಣಮೀನು ಹುರಿಯುತ್ತಲೇ ಬೈಯುತ್ತಾರೆ. "ಈ ಮನುಷ್ಯನ ಬಾಯಿಗೂ ಒಂದು ಪೊರೆ ಇದೆ. ಒಳಗಿರೋ ಉಪ್ಪೆಲ್ಲ ಒಳಗೇ, ಹೊರಗೆ ಬರೋದು ಸಪ್ಪೆ," ಎಂದು ಹೇಳಿ ಗಂಡನ ತಟ್ಟೆಗೆ ದೊಡ್ಡ ಮೀನನ್ನೇ ಹಾಕುತ್ತಾರೆ.

ಹೋದ ತಿಂಗಳು ಮರೀನಾದಿಂದ ಒಂದು ಫಾರಂ ಬಂತು. ‘ನಾನು ಮಾಡಿದ ಕೆಲಸ ದೋಷಪೂರಿತವಾಗಿತ್ತು ಎಂದು ಒಪ್ಪುತ್ತೇನೆ’ ಎಂಬ ಅಚ್ಚಾದ ಸಾಲು, ಕೆಳಗೆ ಸಹಿಗೆ ಜಾಗ. ಸಹಿ ಹಾಕಿದರೆ ಪಾಸ್ ವಾಪಸ್. ಅಣ್ಣಂದಿರು, ಭಾವಮೈದುನರು ಎಲ್ಲ ಬಂದು, ಒಂದು ಸಹಿ ತಾನೇ, ಹಾಕಿ ಒಳಗೆ ಹೋಗು ಎಂದರು. ಮೂರು ವಾರ ಫಾರಂ ಅಕ್ಕಿ ಡಬ್ಬದ ಮೇಲೆ ಕೂತಿತ್ತು. ಅಕ್ಕಿ ತೆಗೆಯುವಾಗ ಕಲ್ಸೋಮ್ ಕಾಗದವನ್ನು ಎರಡೂ ಕೈಯಲ್ಲಿ ಎತ್ತಿ ಪಕ್ಕಕ್ಕಿಡುತ್ತಿದ್ದರು.

ಒಂದು ಬೆಳಿಗ್ಗೆ ಮಾತ್ರ ತಡೆಯಲಾಗದೆ ಗಂಡನನ್ನು ಕೇಳಿಬಿಟ್ಟರು.

"ಅಬಾಂಗ್, ಹಾಕೋದಾದ್ರೆ ಹಾಕಿ, ಹರಿಯೋದಾದ್ರೆ ಹರೀರಿ. ನಂಗೆ ಅಕ್ಕಿ ಡಬ್ಬ ಬೇಕು."

"ಚೀಟಿ ನಂದೇ, ಕಲ್ಸೋಮ್," ಎಂದರು ಪಾಕ್ ಸು. "ಆ ಮಾತು ತಪ್ಪು. ಯಂತ್ರ ಮಾಡಿದ ನೀರು ಅಂತ ಬರೀಬೇಕಿತ್ತು. ಅದಕ್ಕೆ ಸಹಿ ಹಾಕ್ತೀನಿ. ಕೆಲಸಕ್ಕೆ ಹಾಕಲ್ಲ."

ಏಳು ತಿಂಗಳಲ್ಲಿ ಅವರು ಈ ಬಗ್ಗೆ ಆಡಿದ ಅತಿ ಉದ್ದದ ಮಾತು ಇದು. ಯಾರೂ ಒಂದು ಮಾತೂ ಕೇಳದೆ ಪಾಸ್ ಕಿತ್ತುಕೊಂಡರೂ, ಇವರು ಮಾತ್ರ ಅಷ್ಟೂ ದಿನ ತಮ್ಮ ಪಾಲಿನ ತಪ್ಪು ಎಷ್ಟು ಎಂದು ತೂಗುತ್ತಾ ಕೂತಿದ್ದರು. ಡೆಸ್ಮಂಡ್ ಅಷ್ಟು ತೂಗಿದ್ದರೆ, ಕಚೇರಿಯಲ್ಲಿ ಒಬ್ಬರಾದರೂ ತೂಗಿದ್ದರೆ!

ಅವರು ಅಚ್ಚಾದ ಸಾಲನ್ನು ಸ್ಕೇಲಿಟ್ಟು ನೇರವಾಗಿ ಹೊಡೆದುಹಾಕಿದರು. ಅದರ ಕೆಳಗೆ ತಮ್ಮ ದಪ್ಪ ಅಕ್ಷರದಲ್ಲಿ ಎರಡು ಸಾಲು ಬರೆದರು: ನನ್ನ ಬರಹ ತಪ್ಪಾಗಿತ್ತು. ನನ್ನ ಕೆಲಸ ಸರಿಯಾಗಿತ್ತು. ಸಹಿ ಹಾಕಿ, ಶುಕ್ರವಾರದ ನಮಾಜಿಗೆ ಹಾಕುವ ಅಂಗಿ ತೊಟ್ಟು, ಮರೀನಾಕ್ಕೆ ಹೋದರು. ಫಾರಂ ಕೊಡಲು ಬಂದವರಿಗೆ ಪಾಸ್ ಬೇಕಿಲ್ಲ. ಕಾವಲಿನವನು ಗೇಟು ತೆಗೆದ.

ಅಧಿಕಾರಿಣಿ ಓದಿದರು. ತಿದ್ದಿದ ಫಾರಂ ತೆಗೆದುಕೊಳ್ಳಲು ಬರುವುದಿಲ್ಲ ಎಂದು ಹಿಂದಕ್ಕೆ ತಳ್ಳಿದರು. ಹೊಸದು ಬೇಕಾದರೆ ಕೊಡುತ್ತೇನೆ ಎಂದರು. ಬೇಡವೆಂದು ಪಾಕ್ ಸು ಎದ್ದು ಬಂದರು.

ಈಗ ಸೊಲೆನ್‌ಳ ದೋಣಿಯಲ್ಲಿ ನೆಲಹಲಗೆ ಮುಚ್ಚಿ, ಕೈ ಒರೆಸಿಕೊಳ್ಳುತ್ತಾ, ಅವರು ಆ ದಿನದ ಸಂಗತಿಯನ್ನು ಅದರಲ್ಲಿ ಅಂಥದ್ದೇನೂ ಇಲ್ಲ ಎಂಬಂತೆ ಹೇಳುತ್ತಾರೆ. ಪಾಸ್ ಬರಲಿಲ್ಲವಲ್ಲ ಎಂದರೆ, ಇಲ್ಲ ಎಂದು ತಲೆಯಾಡಿಸುತ್ತಾರೆ.

"ತಗೊಳ್ಳಲಿಲ್ಲ," ಎನ್ನುತ್ತಾರೆ. "ಆದ್ರೆ ಎರಡು ಸಾಲೂ ಓದಿದ್ರು. ಓದಿ ಮುಗಿಸೋವರೆಗೂ ನಾನು ಅವರ ಎದುರಿಗೆ ಕುರ್ಚಿ ಮೇಲೆ ಕೂತಿದ್ದೆ."